ಪಡುವಣಕ್ಕೆ ತಿರುಗಿದ ಕಣ್ಣು

ನದಿ ಇಳಿದು, ಹೊಲಗಳಲ್ಲಿ ಕರಿ ಕೆಸರು ಇನ್ನೂ ಮಿರುಗುತ್ತಿದ್ದ ದಿನಗಳಲ್ಲಿ ಮುದುಕಿ ದೇದೆತಳ ಕನಸಿಗೆ ಸತ್ತ ಗಂಡ ಬರತೊಡಗಿದ. ಬರುತ್ತಿದ್ದ, ಆದರೆ ಮುಖ ಮಾತ್ರ ತೋರಿಸುತ್ತಿರಲಿಲ್ಲ.

ಕನಸು ಬೀಳುತ್ತಿದ್ದುದು ಮಧ್ಯಾಹ್ನದ ಜೊಂಪಿನಲ್ಲಿ. ಊಟ ಮುಗಿಸಿ ಅಂಗಳದ ಅತ್ತಿಮರದ ನೆರಳಿಗೆ ಚಾಪೆ ಹಾಸಿ, ಮರದ ತಲೆದಿಂಬಿಗೆ ಕತ್ತು ಆನಿಸಿದರೆ ಸಾಕು, ಎಲೆಗಳ ಸದ್ದು ಮೆಲ್ಲಗೆ ನೀರಿನ ಸದ್ದಾಗಿಬಿಡುತ್ತಿತ್ತು. ಅವಳ ಗಂಡ ಸೆಂಬಿ ಬದುಕಿದ್ದಾಗ ದೊರೆಯ ಧಾನ್ಯದ ದೋಣಿಗೆ ಚುಕ್ಕಾಣಿ ಹಿಡಿಯುತ್ತಿದ್ದವನು. ಕನಸಿನಲ್ಲೂ ಚುಕ್ಕಾಣಿ ಹಿಡಿದೇ ನಿಂತಿರುತ್ತಿದ್ದ. ಆದರೆ ದೋಣಿ ಹೋಗುತ್ತಿದ್ದುದು ನೀರಿನ ಮೇಲಲ್ಲ, ಊರಾಚೆಯ ಕೆಂಪು ಮರಳಿನ ಮೇಲೆ. ಮುಂದೆ ಎದ್ದು ನಿಂತ ಬಂಡೆ. ದೋಣಿ ಬಂಡೆಗೆ ಮೂಗು ತಾಗಿಸಿ ನಿಲ್ಲುತ್ತಿತ್ತು. ಸೆಂಬಿ ಒಂದು ಕೈ ಚಾಚಿ ಬಂಡೆಯನ್ನು ಸವರುತ್ತಾ, ಕತ್ತಲಲ್ಲಿ ಬಾಗಿಲು ಹುಡುಕುವವನ ಹಾಗೆ, ಏನನ್ನೋ ಹುಡುಕುತ್ತಿದ್ದ. ದೇದೆತ್ ಅವನ ಬೆನ್ನ ಹಿಂದೆ ಕೂತು ಕೂಗುತ್ತಿದ್ದಳು. ಅವನಿಗೆ ಕೇಳಿಸುತ್ತಿರಲಿಲ್ಲ.

ಅವಳಿಗೆ ನೋವಾಗುತ್ತಿದ್ದುದು ಅದಕ್ಕೇ. ಬದುಕಿದ್ದಾಗ ಅವಳು ಆ ದೋಣಿಯಲ್ಲಿ ಒಂದು ದಿನವೂ ಅವನ ಬೆನ್ನ ಹಿಂದೆ ಕೂತವಳಲ್ಲ. ಅವನು ಹಿಂತುದಿಯಲ್ಲಿ ನಿಂತು ಮುಂದಕ್ಕೆ ನೋಡುತ್ತಿದ್ದರೆ, ಅವಳು ಮೂಟೆಗಳ ಮೇಲೆ ಅವನಿಗೆ ಎದುರಾಗಿ ಕೂರುತ್ತಿದ್ದಳು. ಅವನ ಬೆನ್ನ ಹಿಂದೆ ಏನಾಗುತ್ತಿದೆ ಎನ್ನುವುದು ಅವಳಿಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. “ಹಿಂದೆ ಏನು ಕಾಣುತ್ತೆ, ಹೇಳೇ,” ಅನ್ನುತ್ತಿದ್ದ. ಕೊಕ್ಕರೆ ಎದ್ದಿತು, ದೊಡ್ಡ ದೋಣಿ ಬರ್ತಿದೆ, ನಿಮ್ಮಕ್ಕ ದಡದಲ್ಲಿ ನಿಂತು ಬೈತಿದ್ದಾಳೆ ಎಂದು ಇವಳು ಒಂದೊಂದೇ ಹೇಳುತ್ತಿದ್ದಳು. ಬೆಳಿಗ್ಗೆ ಹೊರಡುವ ಮೊದಲು, ನೀರಿನ ಝಳ ತಾಗದಿರಲೆಂದು, ಅವನ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದವಳೂ ಅವಳೇ. ಆ ಮುಖವನ್ನು ಬೆರಳಿನಿಂದಲೇ ಬಲ್ಲವಳು ಅವಳು.

“ಅವ್ವಾ, ಇವತ್ತೂ ಅಪ್ಪ ಬಂದಿದ್ನಾ?” ಎಂದು ಮಗ ಖುವಿ ಕೇಳಿದ. ಈಗ ಆ ದೋಣಿಯ ಚುಕ್ಕಾಣಿ ಅವನ ಕೈಯಲ್ಲಿತ್ತು. ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗತೊಡಗಿತ್ತು.

“ಬಂದಿದ್ದ. ಬಂದು ಏನು ಬಂತು? ಬೆನ್ನು ತೋರಿಸ್ಕೊಂಡು ನಿಂತಿದ್ದ.”

ಹಿಟ್ಟು ಬೀಸುತ್ತಿದ್ದ ಸೊಸೆ ಹೇನುತ್ ತಲೆ ಎತ್ತದೆ ಅಂದಳು: “ಮಾವ ಮುನಿಸ್ಕೊಂಡಿರ್ಬೇಕು ಅತ್ತೆಮ್ಮಾ. ಹೋದ ಹಬ್ಬದಲ್ಲಿ ಎಡೆಗೆ ಬಾತುಕೋಳಿ ಬದ್ಲು ಈರುಳ್ಳಿ ಇಟ್ರಲ್ಲ.”

“ಅವನಿಗೆ ಈರುಳ್ಳಿ ಅಂದ್ರೆ ಪ್ರಾಣ ಕಣೇ. ನೀನು ಸುಡೋ ಬಾತುಕೋಳಿ ಇಟ್ಟಿದ್ರೆ ಮುನಿಸ್ಕೊತಿದ್ದ.”

ಹೇನುತ್ ನಕ್ಕಳು. ಅಂಗಳದ ಇನ್ನೊಂದು ಮೂಲೆಯಲ್ಲಿ ಹಲಗೆ ಕೆತ್ತುತ್ತಿದ್ದ ಬಡಗಿ ಇಪಿಯೂ ನಕ್ಕ. ಅವನು ಕೆತ್ತುತ್ತಿದ್ದುದು ಸತ್ತ ಮೇಲೆ ದೇದೆತಳನ್ನು ಮಲಗಿಸುವ ಪೆಟ್ಟಿಗೆಯನ್ನೇ. ವಯಸ್ಸಾದವರು ತಮ್ಮ ಪೆಟ್ಟಿಗೆಯನ್ನು ತಾವೇ ನಿಂತು ಮಾಡಿಸಿಕೊಳ್ಳುವುದು ಅಲ್ಲಿಯ ವಾಡಿಕೆ. ದಿನಾ ಬೆಳಿಗ್ಗೆ ಅವಳು ಹಲಗೆಗಳ ಮೇಲೆ ಅಂಗೈ ಆಡಿಸಿ ಗಂಟು ಹುಡುಕುತ್ತಿದ್ದಳು.

“ಅಜ್ಜಿ, ನೀವು ಹಿಂಗೇ ದಿನಾ ಕುಗ್ತಾ ಹೋದ್ರೆ ನನ್ನ ಅಳತೆ ಎಲ್ಲಾ ತಪ್ಪುತ್ತೆ,” ಎಂದ ಇಪಿ.

“ಹಲಗೆ ಉಳಿದ್ರೆ ನಿನಗೊಂದು ಮಣೆ ಮಾಡ್ಕೋ. ಕೂತು ಕೂತು ಕೆಲಸ ಮಾಡೋನಿಗೆ ಬೇಕಾಗುತ್ತೆ.”

ಹೀಗೆ ಅವರನ್ನೆಲ್ಲ ನಗಿಸಿದರೂ, ಅವಳ ಮನಸ್ಸಿನೊಳಗೆ ಒಂದು ಮಾತು ಕೂತುಬಿಟ್ಟಿತ್ತು. ಅವರ ಕಡೆ ಸತ್ತವರನ್ನು ಎಡಮಗ್ಗುಲಿಗೆ ಮಲಗಿಸುತ್ತಾರೆ, ತಲೆ ಬಡಗಣಕ್ಕೆ, ಮುಖ ಮೂಡಣಕ್ಕೆ. ಮುಖದ ನೇರಕ್ಕೆ ಪೆಟ್ಟಿಗೆಯ ಹೊರಮೈ ಮೇಲೆ ಎರಡು ಕಣ್ಣು ಬರೆಯುತ್ತಾರೆ. ಆ ಕಣ್ಣಿನಿಂದ ಸತ್ತವನು ದಿನಾ ಹೊತ್ತು ಹುಟ್ಟುವುದನ್ನು ನೋಡುತ್ತಾನೆ, ನದಿ ನೋಡುತ್ತಾನೆ, ತನ್ನವರು ರೊಟ್ಟಿ, ಜವೆ ಹೆಂಡ ಹೊತ್ತು ಬರುವುದನ್ನು ನೋಡುತ್ತಾನೆ. ಹೊತ್ತು ಕಾಣದವನು ಇನ್ನೊಮ್ಮೆ ಸತ್ತ ಹಾಗೆ. ಹಾಗಿದ್ದರೆ ಸೆಂಬಿ ಯಾಕೆ ಬಂಡೆ ಸವರುತ್ತಿದ್ದಾನೆ? ಅವನ ಕಣ್ಣೆದುರು ಬಂಡೆ ಯಾಕಿದೆ? ಊರಿನ ಪಡುವಣಕ್ಕೆ, ಗುಡ್ಡದ ಬುಡದಲ್ಲಿ ಅವನ ಸಮಾಧಿ. ಅಲ್ಲಿ ಬಂಡೆ ಇರುವುದು ಹಿಂದೆ, ಮುಂದಲ್ಲ.

ಇನ್ನೊಂದು ಮಧ್ಯಾಹ್ನ ಅವನು ಮಾತಾಡಿದ. ಬೆನ್ನು ತಿರುಗಿಸಲಿಲ್ಲ. ಬಂಡೆಯ ಕಡೆಗೇ ಮುಖ ಮಾಡಿ, ಮೆತ್ತಗೆ ಅಂದ: “ಇಲ್ಲೇ ನಿಂತಿದ್ದೆಯಲ್ಲೇ. ಎಲ್ಲಿಗೆ ಹೋದೆ?”

ಎದ್ದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಕೋಲು ಹಿಡಿದು, ಯಾರಿಗೂ ಹೇಳದೆ ನದಿಯ ದಡಕ್ಕೆ ನಡೆದಳು.

ದಡದಲ್ಲಿ ಮುದುಕ ತೆತಿ ಕೂತು ಹಗ್ಗ ಹೊಸೆಯುತ್ತಿದ್ದ. ಒಂದು ಕಾಲದಲ್ಲಿ ಊರಿನ ಪೆಟ್ಟಿಗೆಗಳನ್ನೆಲ್ಲ ಗುಂಡಿಗೆ ಇಳಿಸುತ್ತಿದ್ದವನು ಅವನೇ. ಈಗ ಕಣ್ಣಿಗೆ ಪೊರೆ ಬಂದು ಎರಡೂ ಹಾಲಿನ ಹಾಗಾಗಿದ್ದವು. ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ.

“ಯಾರದು? ಎಡಗಾಲು ಎಳೀತಿದೆ. ದೇದೆತಕ್ಕ ಇರ್ಬೇಕು.”

“ನಾನೇ ಕಣೋ. ಕಣ್ಣು ಹೋದ್ರೂ ಹೆಂಗಸರ ಹೆಜ್ಜೆ ಬಿಟ್ಟಿಲ್ಲ ನೋಡು ನೀನು.”

“ಇದ್ದಾಗ ನೋಡ್ತಿದ್ದೆ, ಈಗ ಕೇಳ್ತೀನಿ. ಕೂತ್ಕೊ ಅಕ್ಕ. ಬಿಸಿಲಲ್ಲಿ ಯಾಕೆ ಬಂದೆ?”

ಅವಳು ಕೂತಳು. ಎದುರಿಗೆ ನದಿ ಬಿಸಿಲಿಗೆ ಬೆಳ್ಳಗೆ ಕರಗಿ, ಆಚೆ ದಡದ ಖರ್ಜೂರದ ಮರಗಳು ನೀರಿನಿಂದ ಮೇಲಕ್ಕೆದ್ದು ತೇಲುವಂತೆ ಕಾಣುತ್ತಿದ್ದವು. ಸ್ವಲ್ಪ ಹೊತ್ತು ಅದನ್ನೇ ನೋಡಿ ಕೇಳಿದಳು: “ತೆತಿ, ಸೆಂಬೀನ ಇಳಿಸಿದ ದಿನ ನಿನ್ನ ಕೈಲಿ ಯಾವ ತುದಿ ಇತ್ತು?”

ಹೊಸೆಯುತ್ತಿದ್ದ ಕೈ ನಿಧಾನವಾಯಿತು. “ತಲೆ ತುದಿ. ಆ ಕಡೆ ಭಾರ ಜಾಸ್ತಿ ಅಲ್ವಾ, ನನಗೇ ಕೊಡೋರು. ಅವತ್ತು ಹಗ್ಗ ಉಜ್ಜಿ ಅಂಗೈ ಸುಟ್ಟು ಹೋಗಿತ್ತು.”

“ಗಾಳಿ ನೆನಪಿದೆಯಾ?”

“ಮರೆಯೋ ಗಾಳಿನಾ ಅದು! ತೆಂಕಣದಿಂದ ಮರಳು ಹೊತ್ಕೊಂಡು ಬಂತು. ಎದುರಿಗಿರೋರು ಎಲ್ಲಾ ಮುಖ ಮುಚ್ಕೊಂಡ್ರು. ನನಗೆ ಮಾತ್ರ ಕಣ್ಣು ಬಿಡೋಕಾಯ್ತು. ಬೆನ್ನಿಗೆ ಹೊಡೀತಿತ್ತು…”

ಅಷ್ಟು ಹೇಳಿದವನು ಹೊಸೆಯುವುದನ್ನು ನಿಲ್ಲಿಸಿದ. ಅವನ ಬಾಯಿ ಹಾಗೇ ತೆರೆದುಕೊಂಡಿತ್ತು. ತಲೆಯ ತುದಿ ಬಡಗಣಕ್ಕಿದ್ದರೆ ಅವನು ಬಡಗಣದ ಕಡೆ ನಿಂತಿರಬೇಕು. ತೆಂಕಣದ ಗಾಳಿ ಮುಖಕ್ಕೆ ಹೊಡೆಯಬೇಕು. ಬೆನ್ನಿಗೆ ಹೊಡೆಯಿತೆಂದರೆ ಅವನು ನಿಂತದ್ದು ತೆಂಕಣದ ಕಡೆ. ಪೆಟ್ಟಿಗೆ ಹಿಂದುಮುಂದಾಗಿ ಇಳಿದಿತ್ತು. ಸೆಂಬಿಯ ಕಣ್ಣು ಪಡುವಣಕ್ಕೆ, ಬಂಡೆಗೆ ತಿರುಗಿತ್ತು.

“ಯಾಕೋ ಹಾಗಾಯ್ತು?” ಎಂದಳು ದೇದೆತ್.

“ಅಕ್ಕಾ, ನಾವು ಸರಿಯಾಗೇ ಇಟ್ಟಿದ್ವಿ. ನೀನು ಗುಡ್ಡದ ಕಡೆ ನಿಂತಿದ್ದೆ. ಒಂದೇ ಒಂದ್ಸಲ ನನ್ನ ಕಡೆ ತಿರುಗಿಸ್ರೋ, ನನ್ನ ನೋಡ್ಲಿ ಅಂತ ಅತ್ತೆ. ನಾವು ಸುತ್ತು ಹಾಕಿ ತಿರುಗಿಸಿದ್ವಿ. ಅಷ್ಟರಲ್ಲಿ ಆ ಗಾಳಿ ಬಂತು. ಇಳಿಸ್ರೋ, ಬೇಗ ಇಳಿಸ್ರೋ ಅಂತ ಯಾರೋ ಕೂಗಿದ್ರು.”

ಅವಳಿಗೆ ಎಲ್ಲಾ ನೆನಪಾಯಿತು. ಕೆಂಪಗಾದ ಆಕಾಶ, ಹಲ್ಲಿನಲ್ಲಿ ಕರಕರ ಅನ್ನುವ ಮರಳು, ಆಗಿನ್ನೂ ಹುಡುಗನಾಗಿದ್ದ ಖುವಿಯ ಪಕ್ಕಜುಟ್ಟು ಗಾಳಿಗೆ ಹಾರುತ್ತಿದ್ದುದು. ಅದರ ನಡುವೆ ತನ್ನ ಕಡೆಗೆ ತಿರುಗಿದ ಎರಡು ದೊಡ್ಡ ಕಣ್ಣು. ಇಲ್ಲೇ ನಿಂತಿದ್ದೆಯಲ್ಲೇ, ಎಲ್ಲಿಗೆ ಹೋದೆ ಎಂದು ಅವನು ಕೇಳಿದ್ದು ಇದಕ್ಕೇ. ತಿರುಗು ಅಂದಳು, ತಿರುಗಿದ. ಅವಳು ಮನೆಗೆ ಹೋಗಿಬಿಟ್ಟಳು. ಅವನು ಅಂದಿನಿಂದ ಅದೇ ದಿಕ್ಕಿಗೆ ನೋಡುತ್ತಾ ಕೂತಿದ್ದಾನೆ.

ಗುಂಡಿ ತೆಗೆದು ಪೆಟ್ಟಿಗೆ ತಿರುಗಿಸಲು ಖುವಿ ಮೊದಲು ಒಪ್ಪಲಿಲ್ಲ. ಮಲಗಿದವರ ನಿದ್ದೆ ಕೆಡಿಸಬಾರದು ಎಂದ. ತೆತಿಗೆ ನಿನ್ನೆ ಉಂಡದ್ದೇ ನೆನಪಿರಲ್ಲ ಎಂದ. ಅವಳು ಜಗಳ ಆಡಲಿಲ್ಲ. ಊಟ ಬಿಟ್ಟಳು ಅಂತಲೂ ಅಲ್ಲ. ಸಂಜೆ ದೋಣಿ ದಡಕ್ಕೆ ಬರುವ ಹೊತ್ತಿಗೆ ಹೋಗಿ, ಮಗನ ಬೆನ್ನ ಹಿಂದೆ ಸುಮ್ಮನೆ ಕೂತಳು.

“ಅವ್ವಾ, ಈ ಕಡೆ ಬಾ. ಹಿಂದೆ ಕೂತ್ರೆ ನನಗೆ ಮೈ ಉರಿಯುತ್ತೆ,” ಎಂದ ಖುವಿ.

“ಒಂದು ಸಂಜೇಗೇ ಉರಿಯುತ್ತಾ ನಿನಗೆ?” ಎಂದಳು.

ಮಾರನೆಯ ದಿನವೇ ಅವನು ಕಲ್ಲು ಒಡೆಯುವವರನ್ನು ಕರೆದುಕೊಂಡು ಗುಡ್ಡಕ್ಕೆ ಹೋದ.

ರೊಟ್ಟಿ, ಹೆಂಡ, ಒಂದು ಹಿಡಿ ಧೂಪ ಇಟ್ಟು, ಸತ್ತವರನ್ನು ಕಾಯುವ ಹಥೋರ್ ತಾಯಿಯ ಹೆಸರು ಹೇಳಿ, ಬಾವಿಯಂಥ ಗುಂಡಿಯಿಂದ ಕಲ್ಲುಮಣ್ಣು ತೆಗೆಯತೊಡಗಿದರು. ದೇದೆತ್ ಮೇಲೆ ಒಂದು ಬಟ್ಟೆಯ ನೆರಳಲ್ಲಿ ಕೂತಳು. ತಳ ಸಿಕ್ಕಿದ ಮೇಲೆ ಖುವಿ ತಾನೇ ಇಳಿದ. ಗುಂಡಿಯ ಮಗ್ಗುಲಲ್ಲಿ, ಪಡುವಣದ ಕಡೆಗೆ ಕೊರೆದ ಗೂಡಿನಲ್ಲಿ ಸೆಂಬಿಯ ಪೆಟ್ಟಿಗೆ ಇತ್ತು. ಗೂಡಿನ ಬಾಯಿಯ ಇಟ್ಟಿಗೆ ಸರಿಸಿದರೆ ಮೊದಲು ಕಾಣಬೇಕಾದದ್ದು ಆ ಎರಡು ಕಣ್ಣು.

ಒಂದೊಂದಾಗಿ ಇಟ್ಟಿಗೆ ಸರಿಸುವ ಸದ್ದು ಕೇಳಿತು. ಆಮೇಲೆ ಕೆಳಗಿನಿಂದ ಅವನ ದನಿ ಬಂತು, ಚಿಕ್ಕ ಹುಡುಗನ ದನಿಯ ಹಾಗೆ: “ಅವ್ವಾ… ಇಲ್ಲಿ ಕಣ್ಣಿಲ್ಲ. ಬರೀ ಹಲಗೆ.”

“ತಿರುಗಿಸೋಕಾಗುತ್ತಾ?”

“ಇಲ್ಲಿ ಜಾಗ ಇಲ್ಲ. ಪೂರ್ತಿ ಮೇಲಕ್ಕೆ ಎತ್ತಿ, ತಿರುಗಿಸಿ, ಮತ್ತೆ ಇಳಿಸ್ಬೇಕು. ತಡಿ, ಹಗ್ಗ ಹೋಗುತ್ತಾ ನೋಡ್ತೀನಿ.” ಒಂದು ಗಳಿಗೆ ಬಿಟ್ಟು, “ಅಯ್ಯೋ!” ಅಂದ. “ಕೆಳಗಿನ ಹಲಗೆ ಪೂರ್ತಿ ಗೆದ್ದಲು ತಿಂದಿದೆ ಅವ್ವಾ. ಬೆರಳಿಟ್ರೆ ಪುಡಿ ಸುರೀತಿದೆ.”

“ಕೈ ತೆಗಿ!” ಎಂದು ದೇದೆತ್ ಕೂಗಿದಳು. “ಮುಟ್ಬೇಡ ಅವನ್ನ. ಮೇಲೆ ಬಾ.”

ಎತ್ತಿದರೆ ಪೆಟ್ಟಿಗೆ ಒಡೆಯುತ್ತದೆ. ಒಡೆದರೆ ಒಳಗಿನ ಮೈ ಚೂರಾಗುತ್ತದೆ. ಮೈ ಇಲ್ಲದವನಿಗೆ ನಾಳೆ ಎನ್ನುವುದೇ ಇಲ್ಲ. ಖುವಿ ಮೇಲೆ ಬಂದು, ಮೈತುಂಬ ಧೂಳು ಮೆತ್ತಿಕೊಂಡು ಅವಳ ಕಾಲ ಬಳಿ ಕುಸಿದು ಕೂತ.

“ಇಪೀಗೆ ಹೇಳಿ ಈ ಕಡೆನೂ ಎರಡು ಕಣ್ಣು ಬರೆಸ್ಬಿಡೋಣ ಅವ್ವಾ.”

“ಬೆನ್ನ ಮೇಲೆ ಕಣ್ಣು ಬರೆದ್ರೆ ನೋಡೋಕಾಗುತ್ತೇನೋ ಹುಚ್ಚಪ್ಪ?” ಎಂದಳು. ಆದರೆ ಬೈಗುಳದಲ್ಲಿ ಬಲವಿರಲಿಲ್ಲ. ಇಟ್ಟಿಗೆ ಮತ್ತೆ ಜೋಡಿಸಿ, ಗುಂಡಿ ಮುಚ್ಚಿ, ಎಲ್ಲರೂ ಮನೆಗೆ ಬಂದರು.

ಆಮೇಲೆ ಬಹಳ ದಿನ ಅವಳಿಗೆ ಕನಸೇ ಬೀಳಲಿಲ್ಲ. ಅತ್ತಿಮರದ ಕೆಳಗೆ ಕಣ್ಣು ಮುಚ್ಚಿದರೆ ಬರೀ ಎಲೆಯ ಸದ್ದು. ಪೆಟ್ಟಿಗೆ ಮುಗಿಯುತ್ತಾ ಬಂತು. ಇಪಿ ಸುಣ್ಣ ಬಳಿದು ಮೈ ನುಣುಪು ಮಾಡಿದ. ಅವಳು ಹೋಗಿ ಮುಟ್ಟಿಯೂ ನೋಡಲಿಲ್ಲ.

ಒಂದು ದಿನ ಹೇನುತ್ ಅವಳ ಕೂದಲಿಗೆ ಎಣ್ಣೆ ಹಚ್ಚುತ್ತಾ ಅಂದಳು: “ಅತ್ತೆಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಜಾಗ ಮಾವನ ಪಕ್ಕಾನೇ ಅಲ್ವಾ. ಅವರ ಗುಂಡಿಯ ಈಚೆ, ಊರ ಕಡೆಗೆ ಬಿಟ್ಟಿದಾರೆ. ಜೊತೇಲೇ ಇರ್ತೀರ.”

“ಊರ ಕಡೆಗಾ?” ದೇದೆತ್ ಕಣ್ಣು ಮುಚ್ಚಿಕೊಂಡೇ ಅಂದಳು. “ನಾನು ಮೂಡಣಕ್ಕೆ ನೋಡ್ತೀನಿ, ಅವನು ಪಡುವಣಕ್ಕೆ. ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಹಾಗಾಯ್ತಲ್ಲೇ. ಅವನು ನನ್ನ ಕೇಳ್ದೆ ಕತ್ತೆ ಮಾರಿದ ದಿನ ಒಂದ್ಸಲ ಹಾಗೆ ಮಲಗಿದ್ವಿ. ಕಾಲವೆಲ್ಲಾ ಹಾಗಿರೋದು ಹೇಗೆ?”

ಹೇಳುತ್ತಿದ್ದವಳು ನಿಲ್ಲಿಸಿದಳು. ಎಣ್ಣೆಯ ಕೈ ನೆತ್ತಿಯ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಎಲೆಯ ಸದ್ದು ನೀರಿನ ಸದ್ದಾಯಿತು. ನಿದ್ದೆಯೋ ಎಚ್ಚರವೋ, ದೋಣಿ ಕಂಡಿತು. ಸೆಂಬಿ ಬಂಡೆ ಸವರುತ್ತಲೇ ಇದ್ದ. ಅವಳು ಅವನ ಬೆನ್ನ ಹಿಂದೆ ಕೂತೇ ಇದ್ದಳು. ಆದರೆ ಈ ಸಲ ಅವಳಿಗೆ ತನ್ನ ಕಾಲು ನೆನಪಾಯಿತು. ಅವನು ತಿರುಗಲಾರ, ಸರಿ. ತಾನು ಎದ್ದು ಆ ಕಡೆಗೆ ಹೋಗಿ ಕೂರಬಹುದಲ್ಲ?

ಅವಳು ಕಣ್ಣು ಬಿಟ್ಟು ಗಟ್ಟಿಯಾಗಿ ನಕ್ಕಳು. ಹೇನುತಳ ಕೈಯಿಂದ ಎಣ್ಣೆಯ ಗಿಂಡಿ ಜಾರಿತು.

ಖುವಿಗೆ ಅದನ್ನು ಅರ್ಥ ಮಾಡಿಸಲು ಅವಳು ನೆಲದ ಮೇಲೆ ಎರಡು ಈರುಳ್ಳಿ ದಂಟು ಇಟ್ಟಳು. “ಇದು ನಿಮ್ಮಪ್ಪ. ಮುಖ ಪಡುವಣಕ್ಕೆ, ತಲೆ ತೆಂಕಣಕ್ಕೆ. ನನಗೆ ಗುಂಡಿ ತೋಡೋದು ಈಚೆ ಅಲ್ಲ, ಆಚೆ, ಗುಡ್ಡದ ಕಡೆ. ಅವತ್ತು ನಾನು ನಿಂತಿದ್ದ ಜಾಗದಲ್ಲಿ. ನಾನು ಎಲ್ಲರ ಹಾಗೇ ಮಲಗ್ತೀನಿ, ತಲೆ ಬಡಗಣಕ್ಕೆ, ಮುಖ ಮೂಡಣಕ್ಕೆ. ನನ್ನ ತಲೆ ಅವನ ತಲೆ ನೇರಕ್ಕೆ ಬರೋ ಹಾಗೆ ಗೂಡನ್ನ ಸ್ವಲ್ಪ ತೆಂಕಣಕ್ಕೆ ಸರಿಸಿ ತೋಡ್ಲಿ.” ಎರಡು ದಂಟು, ನದಿಯಲ್ಲಿ ಎದುರುಬದುರು ಬಂದ ಎರಡು ದೋಣಿಗಳ ಹಾಗೆ, ಮೂತಿಯ ಪಕ್ಕ ಮೂತಿ ತಂದು ನಿಂತವು.

ಖುವಿ ಅದನ್ನೇ ನೋಡಿದ. “ಗುಡ್ಡದ ಕಡೆ ಬಂಡೆ ಗಟ್ಟಿ ಅವ್ವಾ. ವರ್ಷ ಹಿಡಿಯುತ್ತೆ.”

“ಹಿಡೀಲಿ. ಅಲ್ಲಿ ತನಕ ನಾನು ಸಾಯಲ್ಲ.”

“ನಿನ್ನ ಮುಖ ಕಾಣುತ್ತೆ ಸರಿ. ಆದ್ರೆ ಅಪ್ಪನಿಗೆ ಹೊತ್ತು ಹುಟ್ಟೋದು ಕಾಣಲ್ಲವಲ್ಲ?”

“ಅದಕ್ಕೆ ನಾನಿದೀನಿ,” ಎಂದಳು ದೇದೆತ್.

ನದಿ ಮತ್ತೆ ತುಂಬಿ, ಮತ್ತೆ ಇಳಿಯಿತು. ಗುಡ್ಡದ ಬುಡದಿಂದ ದಿನಾ ಕಲ್ಲಿನ ಮೇಲೆ ತಾಮ್ರದ ಉಳಿ ಬೀಳುವ ಸದ್ದು ಊರಿಗೆ ಕೇಳುತ್ತಿತ್ತು. ಮೊದಲು ಟಣ್ ಟಣ್ ಎನ್ನುತ್ತಿದ್ದದ್ದು, ಆಳ ಹೋದ ಹಾಗೆಲ್ಲ ಮಂಕಾಗುತ್ತಾ, ಕೊನೆಗೆ ಎದೆಬಡಿತದಷ್ಟೇ ಆಯಿತು. ಹೊಲದಲ್ಲಿ ಅಗಸೆ ನೀಲಿ ಹೂ ಬಿಟ್ಟ ದಿನ ಖುವಿ ಓಡಿ ಬಂದ. ನಡುವಿನ ಬಂಡೆ ಒಡೆದು, ಎರಡು ಗೂಡು ಒಂದಾಗಿದ್ದವು.

“ನನ್ನ ಇಳಿಸ್ರೋ,” ಎಂದಳು.

“ನಿನ್ನನ್ನಾ? ಈಗ್ಲೇನಾ?” ಖುವಿ ಬಾಯಿ ಬಿಟ್ಟ.

“ಆಮೇಲೆ ಹೇಗೂ ಇಳಿಸ್ತೀರ. ಆಗ ನನಗೆ ಮಾತಾಡೋಕಾಗಲ್ಲ.”

ಧಾನ್ಯ ತುಂಬುವ ದೊಡ್ಡ ಬುಟ್ಟಿಗೆ ಹಗ್ಗ ಕಟ್ಟಿದರು. ಕುರುಡ ತೆತಿಯನ್ನು ಕೈಹಿಡಿದು ಗುಡ್ಡಕ್ಕೆ ಕರೆತಂದಿದ್ದರು. ಹಗ್ಗ ತನ್ನ ಕೈಗೇ ಕೊಡಬೇಕೆಂದು ಅವನು ಹಟ ಹಿಡಿದ. ಅವಳು ಬುಟ್ಟಿಯಲ್ಲಿ ಮೊಣಕಾಲು ಮಡಿಸಿ ಕೂತಾಗ ಬಗ್ಗಿ ಅಂದ: “ಅಕ್ಕಾ, ಈ ಸಲ ತಿರುಗಿಸ್ರೋ ಅನ್ಬೇಡ ನೋಡು.”

“ನೀನು ಬಿಡದೆ ಹಿಡ್ಕೋ. ಮಾತು ಆಮೇಲೆ.”

ಕೆಳಗೆ ತಂಪಾಗಿತ್ತು. ಹಳೆಯ ಎಣ್ಣೆಯ, ಧೂಪದ, ಒಣಗಿದ ಹೂವಿನ ವಾಸನೆ. ನೆತ್ತಿಯ ಮೇಲೆ ಬಂದ ಹೊತ್ತು ಗುಂಡಿಯೊಳಕ್ಕೆ ಒಂದು ಬೆಳಕಿನ ಕಂಬವನ್ನು ಇಳಿಬಿಟ್ಟಿತ್ತು. ಅದರಲ್ಲಿ ಧೂಳು ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ಹೊಳೆಯುತ್ತಿತ್ತು. ಅವಳು ಮಂಡಿಯೂರಿ ಗೂಡಿನೊಳಕ್ಕೆ ಸರಿದು, ತಲೆ ಎತ್ತಿದಳು.

ಅವನು ಅವಳನ್ನೇ ನೋಡುತ್ತಿದ್ದ.

ಬಿಳಿ ಹಾಗೇ ಇತ್ತು. ಗುಡ್ಡೆಯ ಕಪ್ಪು ಹಾಗೇ ಇತ್ತು. ಕೆಳಗಿನ ಗೆರೆ ಮಾತ್ರ ಅಲ್ಲಲ್ಲಿ ಉದುರಿತ್ತು. ದೇದೆತ್ ಸೊಂಟದಿಂದ ಕಾಡಿಗೆಯ ಕೊಳವೆ ತೆಗೆದಳು. ಬೆರಳ ತುದಿಗೆ ಹಚ್ಚಿಕೊಂಡು, ಉದುರಿದ ಕಡೆಯಲ್ಲೆಲ್ಲ ತಿದ್ದಿದಳು. ಅವಳ ಬೆರಳು ದಾರಿ ತಪ್ಪಲಿಲ್ಲ.

“ಅಲುಗಬೇಡ,” ಎಂದಳು, ದಿನಾ ಬೆಳಿಗ್ಗೆ ಅನ್ನುತ್ತಿದ್ದ ಹಾಗೆ.

ಆಮೇಲೆ ಎಡಮಗ್ಗುಲಾಗಿ, ತಲೆ ಬಡಗಣಕ್ಕೆ ಹಾಕಿ, ಹಸಿಹಸಿಯಾಗಿ ಕಡಿದ ಕಲ್ಲಿನ ಮೇಲೆ ಮೈ ಚಾಚಿದಳು. ಮುಖಕ್ಕೆ ಮುಖ ಸರಿಯಾಗಿ ಬಂತು. ಮಲಗಿ ನೋಡಬೇಕು ಅಂದುಕೊಂಡಿದ್ದಳು ಅಷ್ಟೆ. ಕಣ್ಣು ತಾನಾಗಿ ಮುಚ್ಚಿತು.

ದೋಣಿ ನೀರಿನ ಮೇಲಿತ್ತು. ಅವಳು ಮೂಟೆಗಳ ಮೇಲೆ, ತನ್ನ ಜಾಗದಲ್ಲಿ ಕೂತಿದ್ದಳು. ಎದುರಿಗೆ ಸೆಂಬಿ ನಿಂತಿದ್ದ, ಮುಖ ಪೂರ್ತಿ ಕಾಣುವ ಹಾಗೆ. ಅವನಿಗೆ ವಯಸ್ಸಾಗಿರಲಿಲ್ಲ. ಅವಳಿಗೆ ತನ್ನ ಸುಕ್ಕು ನೆನಪಾಗಿ ನಾಚಿಕೆಯಾಯಿತು. ಅವನಿಗೆ ಅದು ಕಂಡಂತೆ ತೋರಲಿಲ್ಲ.

“ಎಷ್ಟು ಹೊತ್ತೇ ಮಾಡಿದೆ,” ಎಂದ.

“ನೀನು ಯಾವ ಕಡೆ ತಿರುಗಿದೀಯ ಅಂತ ಗೊತ್ತಾಗೋದಕ್ಕೇ ಇಷ್ಟು ದಿನ ಹಿಡೀತು.”

“ತಿರುಗು ಅಂದಿದ್ದು ನೀನೇ.”

“ಹೂಂ. ನಾನೇ.”

ಅವನು ಚುಕ್ಕಾಣಿ ಸ್ವಲ್ಪ ಒತ್ತಿದ. ಅವನ ಬೆನ್ನ ಹಿಂದೆ, ಆಚೆ ದಡದ ಖರ್ಜೂರದ ಮರಗಳ ಮೇಲೆ ಆಕಾಶ ತೆಳ್ಳಗೆ ಕೆಂಪಾಗುತ್ತಿತ್ತು.

“ಹಿಂದೆ ಏನು ಕಾಣುತ್ತೆ, ಹೇಳೇ,” ಎಂದ ಸೆಂಬಿ.

ಅವಳು ಒಂದೊಂದೇ ಹೇಳತೊಡಗಿದಳು. ಮೊದಲು ನೀರಿನ ಮೇಲೆ ಒಂದು ಗೆರೆ ಬಂತು ಎಂದಳು. ಕೊಕ್ಕರೆ ಎದ್ದಿತು ಎಂದಳು. ಈಗ ಬರ್ತಿದೆ ನೋಡು, ಅಂಚು ಮಾತ್ರ ಕಾಣುತ್ತಿದೆ, ದಾಳಿಂಬೆ ಸಿಪ್ಪೆಯ ಹಾಗಿದೆ…

ಹಗ್ಗ ಎಳೆದಾಗ ಅವಳ ತುಟಿ ಇನ್ನೂ ಅಲ್ಲಾಡುತ್ತಿತ್ತು. ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಖುವಿಯ ತೋಳು ಹಿಡಿದು ನಿಂತಳು. ತೆತಿ ಮತ್ತೆ ಹಗ್ಗ ಉಜ್ಜಿ ಬಿಸಿಯಾದ ತನ್ನ ಅಂಗೈ ಮೂಸಿ ನೋಡಿಕೊಂಡು ನಗುತ್ತಿದ್ದ.

ಮನೆಯಲ್ಲಿ ಇಪಿ ಕರಿ ಬಣ್ಣ ಅರೆದಿಟ್ಟು, ಕುಂಚ ಹಿಡಿದು, ಬೆಳ್ಳಗಿನ ಪೆಟ್ಟಿಗೆಯ ಮುಂದೆ ಕಾಯುತ್ತಿದ್ದ. ಊರೆಲ್ಲಾ ಆಡಿಕೊಳ್ಳುತ್ತಿದ್ದ ಮಾತು ಅವನ ಕಿವಿಗೂ ಬಿದ್ದಿತ್ತು. “ಅಜ್ಜಿ, ನಿಮಗೆ ಕಣ್ಣು ಯಾವ ಕಡೆ ಬರೀಲಿ?” ಎಂದು ಹೆದರುತ್ತಾ ಕೇಳಿದ.

“ಎಲ್ಲರಿಗೂ ಬರಿಯೋ ಕಡೇನೇ ಬರಿ,” ಎಂದಳು ದೇದೆತ್. ಬಹಳ ದಿನದ ಮೇಲೆ ಹಲಗೆಯ ಮೇಲೆ ಅಂಗೈ ಆಡಿಸಿದಳು. ಕಾಡಿಗೆಯ ಒಂದು ಗೆರೆ ಸುಣ್ಣದ ಮೇಲೆ ಉಳಿಯಿತು. “ಸ್ವಲ್ಪ ದೊಡ್ಡದಾಗೇ ಬರಿಯಪ್ಪ. ಇಬ್ಬರಿಗಾಗೋ ಅಷ್ಟು ನೋಡ್ಬೇಕು.”